ಲೈಬ್ರರಿಯಲ್ಲಿ ಎದುರು ಕೂತಿದ್ದ ಅಮ್ಮನಿಗೆ

ಹೋದ ವಾರ ಮೈಸೂರಿನ ಲೈಬ್ರರಿಯಲ್ಲಿ ನನ್ನ ಎದುರು ಕೂತಿದ್ದ ಅಮ್ಮಾ, ನಿಮ್ಮ ಹೆಸರೂ ಕೇಳಲಿಲ್ಲ ನಾನು, ತುಂಬಾ ಥ್ಯಾಂಕ್ಸ್. ಕವಿ, ಅನುವಾದಕ ಎ.ಕೆ. ರಾಮಾನುಜನ್ ಬಗ್ಗೆ ಮಾತಾಡಬೇಕಿತ್ತು, ಕೈಯಲ್ಲಿ ಇದ್ದದ್ದು ಬರೀ ಇಸವಿಗಳು: 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ್ದು, ಬೆಳಗಾವಿಯಲ್ಲಿ ಮೇಷ್ಟ್ರು, ಆಮೇಲೆ ಷಿಕಾಗೋ, 1993ರಲ್ಲಿ ತೀರಿಕೊಂಡಿದ್ದು. ನೀವು ಬ್ಯಾಗಿನಿಂದ ಅವರ ಕನ್ನಡ ಜನಪದ ಕಥೆಗಳ ಇಂಗ್ಲಿಷ್ ಪುಸ್ತಕ ತೆಗೆದು ಕೊಟ್ಟಿರಿ, ಹಾಳೆಯ ಮೂಲೆಗಳೆಲ್ಲ ಮಡಚಿದ್ದವು. 77 ಕಥೆ, ಅವರು ಹೋದ ಮೇಲೆ 1997ರಲ್ಲಿ ಬಂದಿದ್ದು.

ಅದರಲ್ಲೊಂದು ಕಥೆಯಲ್ಲಿ ಹೆಂಗಸೊಬ್ಬಳು ಹೇಳದೆ ಇಟ್ಟುಕೊಂಡ ಕಥೆ ಚಪ್ಪಲಿಯಾಗಿ, ಹಾಡದ ಹಾಡು ಕೋಟಾಗಿ ಹೊರಗೆ ಬರುತ್ತಲ್ಲ, ಗಂಡ ‘ಇದು ಯಾರದ್ದು?’ ಅಂತ ಜಗಳ ತೆಗೀತಾನಲ್ಲ, ಅದನ್ನು ಪಿಸುದನಿಯಲ್ಲಿ ನೀವೇ ಹೇಳಿದಿರಿ. ಆಂಜನೇಯನ ಗುಡಿಯಲ್ಲಿ ದೀಪಗಳು ಹರಟೆ ಹೊಡೆಯೋ ಜಾಗಕ್ಕೆ ಬಂದಾಗ ಲೈಬ್ರರಿಯವರು ಗದರಿದರು, ಅಲ್ವಾ! ನನ್ನ ಮಾತು ಆ ದೀಪಗಳಿಂದಲೇ ಶುರುವಾಯ್ತು.

ಪುಸ್ತಕ ನನ್ನ ಹತ್ತಿರವೇ ಇದೆ. ಶನಿವಾರ ಅದೇ ಮೇಜಿನಲ್ಲಿ ಇರ್ತೀನಿ, ಬನ್ನಿ.