ಎಳೆ ಅಡ್ಡ ಬಂತು ಅಂದಿದ್ದೆ ನೀನು

ಪುಟ್ಟಿ,

ರೈಲು ಈಗ ಎಲ್ಲಿದೆಯೋ. ಕೋಲಾರ ಬಿಟ್ಟು ಸ್ಟೇಷನ್ನಿಗೆ ಬರೋಕೆ ಪುರುಸೊತ್ತಿಲ್ಲ, ಇವತ್ತೇ ಗಿರಾಕಿಗೆ ಬಾಗಿಲು ಮಾಡಿ ಕೊಡಬೇಕು ಅಂತ ನಿಮ್ಮಮ್ಮನ ಹತ್ತಿರ ಹೇಳಿ ಕಳಿಸಿದ್ದು ಸುಳ್ಳು. ಆ ಬಾಗಿಲು ನಾಡಿದ್ದು ಕೊಟ್ಟರೆ ಸಾಕು. ನಿನ್ನ ದೊಡ್ಡಪ್ಪನ ಎದುರಿಗೆ "ಹಳೇ ಮನೆ ರಿಪೇರಿ ಮಾಡೋಕೆ ಅಹಮದಾಬಾದಿಗೆ ಹೋಗಿ ಓದಬೇಕಾ" ಅಂದುಬಿಟ್ಟೆನಲ್ಲ, ಆಮೇಲೆ ನಿನ್ನ ಮುಖ ನೋಡಲು ಆಗಲಿಲ್ಲ. ಉಳಿದದ್ದು ನಿನಗೂ ಗೊತ್ತು, ಬಿಡು.

ಹೋದ ಭಾನುವಾರದ್ದು ಬರೆಯುತ್ತೇನೆ. ಬೆಂಗಳೂರಿನ ಟಿಪ್ಪು ಅರಮನೆ. ಎಷ್ಟೋ ವರ್ಷದಿಂದ ಕೆ.ಆರ್. ಮಾರ್ಕೆಟ್ ಕಡೆ ಮೊಳೆ, ಹಿಡಿಕೆ, ಬೋಲ್ಟು ತರಲು ಹೋಗಿದ್ದೇನೆ, ಒಂದು ದಿನವೂ ಅದರ ಒಳಗೆ ಕಾಲಿಟ್ಟಿರಲಿಲ್ಲ. ಹೈದರಾಲಿ ಶುರು ಮಾಡಿದ್ದು, ಟಿಪ್ಪು 1791ರಲ್ಲಿ ಮುಗಿಸಿದ್ದು ಅಂತ ನೀನು ಹೇಳುತ್ತಾ ಹೋದೆ. ಹೈದರಾಲಿ ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದವನು ಅನ್ನೋದಷ್ಟೇ ನನಗೆ ಗೊತ್ತಿದ್ದದ್ದು. ಟಿಪ್ಪು ಸತ್ತ ಮೇಲೆ ಬ್ರಿಟಿಷರು ಅಲ್ಲೇ ಕಚೇರಿ ಇಟ್ಟುಕೊಂಡಿದ್ದರು, 1868ರಲ್ಲಿ ಅಠಾರಾ ಕಚೇರಿಗೆ, ಅಂದರೆ ಈಗಿನ ಹೈಕೋರ್ಟ್ ಕಟ್ಟಡಕ್ಕೆ ಹೋದರು ಅಂದೆ ನೀನು. ನಾನು ಅರ್ಧ ಕೇಳಿಸಿಕೊಂಡೆ. ನನ್ನ ಕಣ್ಣೆಲ್ಲ ಕಂಬದ ಮೇಲಿತ್ತು. ಅಷ್ಟು ಎತ್ತರದ ತೇಗ, ಅಡಿಗೆ ಕಲ್ಲಿನ ಪೀಠ, ಮೇಲೆ ಎಸಳೆಸಳಾಗಿ ಬಿಡಿಸಿದ ಕಮಾನು. ಇನ್ನೂರು ವರ್ಷ ದಾಟಿದ ಮರ ಅದು. ಗೋಡೆಯ ಹೂಬಳ್ಳಿ ಮಾಸಿದೆ, ಹೊಸ ಬಣ್ಣ ಹೊಡೆಸಬಾರದಾ ಅಂತ ಕೇಳಿದೆ. ಹೊಸದಾಗಿ ಬರೆದರೆ ಅದು ನಮ್ಮ ಚಿತ್ರ ಆಗುತ್ತೆ, ಇದ್ದಷ್ಟನ್ನು ಉಳಿಸಬೇಕು ಅಂದೆ ನೀನು. ಆಗ ಒಪ್ಪಲಿಲ್ಲ. ಈಗ ಸರಿ ಅನ್ನಿಸುತ್ತಿದೆ.

ಆಮೇಲೆ ಕೇಳಿದೆ, "ಅಪ್ಪಾ, ಇಂಥಾ ಕಂಬದ ಬುಡ ಕೊಳೆತರೆ ಏನ್ ಮಾಡಬೇಕು?" ನಾನು ಹೇಳುತ್ತಾ ನಿಂತೆ, ನೀನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಎಡಗೈ ತೋರುಬೆರಳಿನ ಗಾಯದ ಗುರುತು ಕಾಣಿಸಿತು.

ನಿನಗೆ ಎಂಟು ವರ್ಷ ಆಗ. ಬೇಸಿಗೆ ರಜೆ. ನಾನು ಬೀದಿ ಬಾಗಿಲಲ್ಲಿ ಗಿರಾಕಿ ಹತ್ತಿರ ಮಾತಾಡುತ್ತಿದ್ದೆ. ನೀನು ಅರ್ಧ ಇಂಚಿನ ಉಳಿ ತಗೊಂಡು ಹೊನ್ನೆ ತುಂಡಿನ ಮೇಲೆ ಒತ್ತಿದ್ದೀಯ. ಬಂದು ನೋಡಿದರೆ ಮರದ ಸುರುಳಿಗಳೆಲ್ಲ ಕೆಂಪು. ನೀನು ಅಳಲಿಲ್ಲ. ಬೆರಳು ಗಟ್ಟಿಯಾಗಿ ಹಿಡಿದುಕೊಂಡು, "ಅಪ್ಪಾ, ಎಳೆ ಅಡ್ಡ ಬಂತು" ಅಂದೆ. ನಾನು ಕೆನ್ನೆಗೆ ಹೊಡೆದೆ. ಆಮೇಲೆ ಟವೆಲ್ ಸುತ್ತಿ ಆಸ್ಪತ್ರೆಗೆ ಓಡಿದ್ದು, ನಾಲ್ಕು ಹೊಲಿಗೆ.

ಎಳೆ ಅಡ್ಡ ಬಂತು. ನನ್ನ ಹತ್ತಿರ ಕೆಲಸಕ್ಕಿದ್ದ ಹುಡುಗರಿಗೆ ವರ್ಷ ಕಳೆದರೂ ಇದು ಗೊತ್ತಾಗುತ್ತಿರಲಿಲ್ಲ ಪುಟ್ಟಿ. ಮರದೊಳಗಿನ ಎಳೆ ಎತ್ತ ತಿರುಗುತ್ತೆ ಅಂತ ನೋಡದೆ ಉಳಿ ಒತ್ತಿ ಮರ ಸೀಳಿಸೋರು. ನೀನು ಎಂಟು ವರ್ಷಕ್ಕೆ, ರಕ್ತ ಸುರಿಯುವಾಗ, ಕಾರಣ ಹೇಳಿದ್ದೆ. ನಾನು ಮಾತ್ರ ಆವತ್ತೇ ಸಂಜೆ ಕೆಲಸದ ಕೋಣೆಗೆ ಚಿಲಕ ಹಾಕಿಸಿದೆ. ಹೆಣ್ಣುಮಕ್ಕಳಿಗೆ ಇಲ್ಲಿ ಏನು ಕೆಲಸ ಅಂದೆ. ಭಯಕ್ಕೆ ಅಂದಿದ್ದು. ಆದರೆ ನಿನ್ನ ಅತ್ತೆ ಮಗನನ್ನು ಕರೆಸಿ ಕಲಿಸಿದೆನಲ್ಲ, ಅವನ ಬೆರಳಿಗೂ ಉಳಿ ತಾಗುತ್ತಿತ್ತು. ಅವನನ್ನು ಒಂದು ದಿನ ಹೊರಗೆ ಕಳಿಸಲಿಲ್ಲ. ಭಾನುವಾರದಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. ನಿನ್ನ ಕೆನ್ನೆಗೆ ಹೊಡೆದದ್ದಕ್ಕಿಂತ ಆ ಚಿಲಕವೇ ಜಾಸ್ತಿ ಕಾಡುತ್ತಿದೆ. ತಪ್ಪಾಯ್ತು ಕಣಮ್ಮ.

ಅಲ್ಲಿ ಹೋದ ಮೇಲೆ ಒಂದು ನೆನಪಿಟ್ಟುಕೋ. ಹಳೇ ಕಂಬ ನೋಡುವಾಗ ಮೊದಲು ಬುಡ ನೋಡು. ಬೆರಳ ಗೆಣ್ಣಿಂದ ಬಡಿದರೆ ಗಟ್ಟಿ ಮರ ಠಣ್ ಅನ್ನುತ್ತೆ, ಗೆದ್ದಲು ತಿಂದದ್ದು ಬೊದ್ ಅನ್ನುತ್ತೆ. ಸುತ್ತ ಯಾರಾದರೂ ಸಿಮೆಂಟು ಮೆತ್ತಿದ್ದರೆ ತೆಗೆಸು. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತೆ, ಸಿಮೆಂಟು ಬಿಡಲ್ಲ, ಆ ನೀರೆಲ್ಲ ಮರಕ್ಕೇ ಏರುತ್ತೆ. ಕೊಳೆತಷ್ಟೇ ಕತ್ತರಿಸಬೇಕು. ತೇಗಕ್ಕೆ ಚೆನ್ನಾಗಿ ಒಣಗಿದ ಹಳೇ ತೇಗವನ್ನೇ ಕೂರಿಸಬೇಕು, ಎಳೆಗೆ ಎಳೆ ಸೇರಬೇಕು. ಹಸಿ ಮರದ ಮೇಲೆ ವಾರ್ನಿಷ್ ಹೊಡೆಯೋರ ಮಾತು ಕೇಳಬೇಡ. ಒಬ್ಬಳೇ ಏಣಿ ಹತ್ತಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಅಲ್ಲಿ ಮುದ್ದೆ ಸಿಗಲ್ಲ ಅಂತ ಸುಮ್ನೆ ಉಪವಾಸ ಇರಬೇಡ. ರಾತ್ರಿ ನಿಮ್ಮಮ್ಮನಿಗೆ ಫೋನ್ ಮಾಡು, ಅವಳು ಮಲಗಲ್ಲ.

ಟಿಂಬರ್ ಡಿಪೋದಲ್ಲಿ ಇವತ್ತು ಹೇಳಿದೆ, ನನ್ನ ಮಗಳು ಅರಮನೆ ಕಂಬ ಉಳಿಸುವ ಓದು ಓದಲು ಹೋಗಿದ್ದಾಳೆ ಅಂತ. ನಿನ್ನೆದುರು ಹೇಳಬೇಕಿತ್ತು.

ಆ ಅರ್ಧ ಇಂಚಿನ ಉಳಿ ಇನ್ನೂ ಇದೆ. ಮಸೆದು ಮಸೆದು ಬೆರಳುದ್ದ ಸವೆದಿದೆ. ಮಧ್ಯಾಹ್ನ ಅದಕ್ಕೆ ಹೊಸ ಹಿಡಿ ಹಾಕಿದೆ, ಸ್ವಲ್ಪ ಸಣ್ಣದು. ನಿನ್ನ ಕೈ ಅಳತೆಗೆ ನಿಮ್ಮಮ್ಮನ ಕೈ ಹಿಡಿದು ನೋಡಿದೆ. ದೀಪಾವಳಿಗೆ ಬಾ. ಎಡಗೈ ಯಾವಾಗಲೂ ಉಳಿಯ ಬಾಯಿಗೆ ಹಿಂದೆ ಇರಬೇಕು, ಮೊದಲು ಅದನ್ನು ತೋರಿಸುತ್ತೇನೆ.

ನಿನ್ನ ಅಪ್ಪ