ನಿಮ್ಮಮ್ಮನ ತಟ್ಟೆಗೆ ಕಾಳೂ ಬೀಳಲಿ

ಮಂಡ್ಯ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

‘ಅಮ್ಮ ಊರು ಬಿಟ್ಟು ಮೈಸೂರಿಗೆ ಬಂದಮೇಲೆ ಊಟ ತುಂಬಾ ಕಮ್ಮಿ ಮಾಡಿದ್ದಾರೆ. ವಯಸ್ಸಾಯ್ತಲ್ಲ ದೊಡ್ಡಪ್ಪ, ಅಷ್ಟು ಸಾಕಲ್ವಾ?’ ಅಂತ ಮೊನ್ನೆ ಕೇಳಿದೆ. ಫೋನಿನಲ್ಲಿ ಸುಮ್ನೆ ಹೂಂ ಅಂದುಬಿಟ್ಟೆ. ಸಾಲದು ಪುಟ್ಟಿ, ಅದಕ್ಕೇ ಬರೆಯುತ್ತಿದ್ದೇನೆ.

ನಾನೂ ಹಾಗೇ ಅಂದುಕೊಂಡಿದ್ದವನು. ಗದ್ದೆ ಕೆಲಸ ಇದ್ದಾಗ ಹೊತ್ತಿಗೆ ಎರಡು ಮುದ್ದೆ ಇಳಿಯುತ್ತಿತ್ತು. ಕೆಲಸ ಬಿಟ್ಟೆ, ಶುಗರ್ ಬಂತು, ಎಲ್ಲವನ್ನೂ ಕಮ್ಮಿ ಮಾಡಿದೆ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ತಿಳಿಸಾರು ಅನ್ನ, ರಾತ್ರಿ ರಸ್ಕು ಕಾಫಿ. ಪಂಚೆ ಸಡಿಲವಾಯಿತು, ಹೊಟ್ಟೆ ಕರಗಿತು ಅಂತ ಖುಷಿಪಟ್ಟೆ. ತೊಡೆಯೂ ಕರಗಿದ್ದು ಗೊತ್ತಾಗಲಿಲ್ಲ. ಹೋದ ವರ್ಷ ಒಂದು ಬೀಗರ ಊಟದಲ್ಲಿ ಚಾಪೆ ಮೇಲೆ ಪಂಕ್ತಿಗೆ ಕೂತವನು ಏಳಲಾಗದೆ ಇಬ್ಬರು ಹುಡುಗರು ಎಬ್ಬಿಸಬೇಕಾಯಿತು. ಅವತ್ತು ತಿಂದದ್ದೇ ಮೈಗೆ ಹತ್ತಲಿಲ್ಲ. ಆಮೇಲೆ ಡಾಕ್ಟರು ಕೇಳಿದರು: ‘ಹಿಟ್ಟು ಕಮ್ಮಿ ಮಾಡಿದ್ದು ಸರಿ ಗೌಡ್ರೇ, ಕಾಳು ಯಾಕೆ ಬಿಟ್ರಿ?’

ದುಡಿಮೆ ನಿಂತರೆ ಅನ್ನ, ಹಿಟ್ಟು, ಎಣ್ಣೆ ಕಮ್ಮಿ ಸಾಕು. ಪ್ರೋಟೀನ್ ಹಾಗಲ್ಲ. ವಯಸ್ಸಾದಂತೆ ಮಾಂಸಖಂಡ ಸವೆಯುತ್ತದೆ, ತಿಂದ ಪ್ರೋಟೀನೂ ಮೊದಲಿನಷ್ಟು ಮೈಗೆ ದಕ್ಕುವುದಿಲ್ಲ. ಮೈತೂಕ 50 ಕೆಜಿ ಇದ್ದರೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಲೆಕ್ಕ ನೀನೇ ಹಾಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಹೆಚ್ಚಿಸಬಾರದು.

ನಮ್ಮ ಮನೆಗಳಲ್ಲಿ ತಪ್ಪುವುದು ಎಲ್ಲಿ ಗೊತ್ತಾ? ಬಸ್ಸಾರಿನಲ್ಲಿ. ಹುರುಳಿಯೋ ಅಲಸಂದೆಯೋ ಸೊಪ್ಪಿನ ಜೊತೆ ಬೇಯಿಸಿ ಬಸಿಯುತ್ತೇವೆ. ಕಟ್ಟು ಸಾರಾಗುತ್ತದೆ, ಕಾಳು ಪಲ್ಯಕ್ಕೆ ಹೋಗುತ್ತದೆ. ಹಲ್ಲಿಲ್ಲದವರು ಮುದ್ದೆಯನ್ನು ಸಾರಿಗೆ ಅದ್ದಿ ನುಂಗಿ ಏಳುತ್ತಾರೆ. ಪಲ್ಯ ಹುಡುಗರ ಪಾಲು. ‘ಅಜ್ಜಿ ಚೆನ್ನಾಗಿ ಉಂಡರು’ ಅನ್ನುತ್ತೀವಿ, ಕಾಳು ಮಾತ್ರ ಅವರ ಬಾಯಿಗೆ ಹೋಗಿರುವುದಿಲ್ಲ. ನೀನು ಹೀಗೆ ಮಾಡು. ಬಸಿದ ಕಾಳಿನಲ್ಲಿ ಎರಡು ಹಿಡಿ ಜಾಸ್ತಿ ತೆಗೆದು ಮಸಾಲೆ ಜೊತೆ ರುಬ್ಬು. ಸಾರು ಗಟ್ಟಿಯಾಗುತ್ತದೆ, ರುಚಿಯೂ ಹೆಚ್ಚು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಮಾಡು, ಅಗಿಯುವ ಕಷ್ಟವೇ ಇಲ್ಲ.

ಮುದ್ದೆ ಬಿಡಿಸಬೇಡ, ಚಿಕ್ಕದು ಕಟ್ಟು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಮ್ಮ ಮಂಡ್ಯದ ವಿ.ಸಿ. ಫಾರ್ಮ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿ ತಂದವರು. ಅವರ ಹೆಸರು ಬಂದರೆ ನನಗೆ ಈಗಲೂ ಎದೆಯುಬ್ಬುತ್ತದೆ, ಇರಲಿ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕ. ಚಿಕ್ಕ ಮುದ್ದೆಯಿಂದ ಅಷ್ಟು ಬರುವುದಿಲ್ಲ. ಹಾಲು, ಮೊಸರು, ಸೊಪ್ಪು ಕೂಡಬೇಕು. ಕ್ಯಾಲ್ಸಿಯಂ ಮೈಗೆ ಹತ್ತಲು ಬಿಸಿಲೂ ಬೇಕು, ಬೆಳಗಿನ ಬಿಸಿಲಿಗೆ ನಿಮ್ಮಮ್ಮನನ್ನು ತಾರಸಿಗೆ ಕರೆದುಕೊಂಡು ಹೋಗು.

ನನ್ನ ತಮ್ಮ, ನಿಮ್ಮಪ್ಪ, ತೀರಿಕೊಂಡ ಮೇಲೆ ಅವಳು ಬಾಡು ಬಿಟ್ಟಳು, ಮೊಟ್ಟೆಯನ್ನೂ ಬಿಟ್ಟಳು. ಬಿಟ್ಟದ್ದನ್ನು ತಿನ್ನು ಅಂತ ನಾನು ಹೇಳುವುದಿಲ್ಲ. ಆದರೆ ಬಿ12 ಅನ್ನುವ ವಿಟಮಿನ್ ಸೊಪ್ಪು ಕಾಳಿನಲ್ಲಿ ಸಿಗುವುದಿಲ್ಲ. ಶುಗರ್‌ಗೆ ಅವಳು ನುಂಗುವ ಮೆಟ್‌ಫಾರ್ಮಿನ್ ಕೂಡ ಅದನ್ನು ಇಳಿಸಬಹುದು. ಕಾಲು ಜುಮ್ಮೆನ್ನುತ್ತದೆ ಅಂತಾಳಲ್ಲ? ಒಂದು ಸಲ ರಕ್ತ ಪರೀಕ್ಷೆ ಮಾಡಿಸು. ಮತ್ತೆ, ಮಂಡ್ಯದವನಾಗಿ ಹೇಳಬಾರದು, ಬೆಲ್ಲದ ಕಾಫಿಯೂ ಶುಗರ್ ಏರಿಸುತ್ತದೆ. ಅದನ್ನು ಅವಳಿಗೆ ನೀನೇ ಹೇಳು, ನಾನು ಹೇಳಿದರೆ ಜಗಳವಾಗುತ್ತದೆ.

ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ಕೇಳಲಿ ಬಿಡಲಿ, ನೀರುಮಜ್ಜಿಗೆ ಕೊಡುತ್ತಿರು, ಉಪ್ಪು ಹಾಕದೆ.

ನಿನ್ನ ಮಗಳ ಕಥೆ ಬೇರೆ. ಹೋದ ವರ್ಷ ದೊಡ್ಡವಳಾದಳು ಅಂತ ಆರತಿ ಮಾಡಿದೆವಲ್ಲ, ಈಗ ಅವಳಿಗೆ ಅಜ್ಜಿಗಿಂತ ಜಾಸ್ತಿ ಕಬ್ಬಿಣ ಬೇಕು. ತಿಂಡಿ ಬಿಟ್ಟು ಟೀ ಕುಡಿದು ಸ್ಕೂಲಿಗೆ ಓಡುವುದು ನಿಲ್ಲಲಿ. ಊಟದ ಜೊತೆ ಟೀ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಮೂಳೆ ಗಟ್ಟಿಮಾಡಿಕೊಳ್ಳುವ ವಯಸ್ಸೂ ಇದೇ. ನಿನಗೂ ಅಷ್ಟೇ, ಎಲ್ಲರಿಗೂ ಬಡಿಸಿ ಕೊನೆಗೆ ಸಾರಿನ ತಳ ಬಳಿದುಕೊಳ್ಳಬೇಡ.

ಭಾನುವಾರ ಬರುವ ಹುಡುಗನ ಕೈಯಲ್ಲಿ ಎರಡು ಸೇರು ಹುರುಳಿ, ಒಂದು ಸೇರು ಅಲಸಂದೆ ಕಳಿಸುತ್ತಿದ್ದೇನೆ. ಕಾಳು ಯಾರು ಕಳಿಸಿದ್ದು ಅಂದರೆ ನನ್ನ ಹೆಸರು ಹೇಳು. ಬಿ12 ವಿಷಯ ಯಾರು ಹೇಳಿದ್ದು ಅಂದರೆ ಡಾಕ್ಟರ ಹೆಸರು ಹೇಳು.

ಇಂತಿ,
ನಿನ್ನ ದೊಡ್ಡಪ್ಪ