ಬೂಸ್ಟರ್ ನಂತರದ ಪ್ರತಿಕಾಯ: ಯಾವ ತಳಿಯ ಎದುರಿನ ಅಳತೆ?

ಮಾನ್ಯ ಸಂಪಾದಕರೆ,

ಕೋವಿಡ್ ಬೂಸ್ಟರ್ ಪಡೆದವರಲ್ಲಿ ಪ್ರತಿಕಾಯಗಳು (ಆಂಟಿಬಾಡಿ) ಇಷ್ಟು ಪಟ್ಟು ಹೆಚ್ಚಿದವು ಎಂಬ ವರದಿಗಳಲ್ಲಿ, ಆ ಹೆಚ್ಚಳವನ್ನು ವೈರಸ್‌ನ ಯಾವ ತಳಿಯ ಎದುರು ಮತ್ತು ಯಾವ ವಿಧಾನದಿಂದ ಅಳೆಯಲಾಯಿತು ಎಂಬ ವಿವರ ಬಹಳ ಸಲ ಬಿಟ್ಟುಹೋಗಿರುತ್ತದೆ. ಇವೆರಡೂ ಇಲ್ಲದ ಅಂಕಿಯನ್ನು ನಂಬಿ, ವಯಸ್ಸಾದವರು ಮತ್ತು ಕಾಯಿಲೆಯುಳ್ಳವರು ತಮಗೆ ಸಾಕಷ್ಟು ರಕ್ಷಣೆಯಿದೆ ಎಂದು ತಿಳಿದುಬಿಡುವ ಅಪಾಯವಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಖಾಸಗಿ ಪ್ರಯೋಗಾಲಯಗಳಲ್ಲಿ ಮಾಡುವ ಸಾಮಾನ್ಯ ಪ್ರತಿಕಾಯ ಪರೀಕ್ಷೆಯು ವೈರಸ್‌ನ ಮೇಲ್ಮೈಯಲ್ಲಿ ಮುಳ್ಳಿನಂತಿರುವ ಸ್ಪೈಕ್ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಒಟ್ಟಾಗಿ ಲೆಕ್ಕ ಹಾಕುತ್ತದೆ. ಆದರೆ ಅಂಟಿಕೊಳ್ಳುವ ಪ್ರತಿಕಾಯಗಳೆಲ್ಲವೂ ವೈರಸ್ ಜೀವಕೋಶದೊಳಗೆ ನುಗ್ಗುವುದನ್ನು ತಡೆಯಲಾರವು. ಮೇಲಾಗಿ ಇಂಥ ಕಿಟ್‌ಗಳಲ್ಲಿ ಬಹುಪಾಲು ಸಾಂಕ್ರಾಮಿಕದ ಆರಂಭದ ಮೂಲ ತಳಿಯನ್ನು ಆಧರಿಸಿ ತಯಾರಾದವು. 2021ರ ನವೆಂಬರ್‌ನಲ್ಲಿ ಗುರುತಿಸಲಾದ ಓಮೈಕ್ರಾನ್‌ನ ಸ್ಪೈಕ್‌ನಲ್ಲಿಯೇ ಮೂವತ್ತಕ್ಕೂ ಹೆಚ್ಚು ಬದಲಾವಣೆಗಳಿದ್ದವು. ಅದರ ಉಪತಳಿಗಳು ಇನ್ನಷ್ಟು ದೂರ ಸರಿದಿವೆ. ಹೀಗಾಗಿ ಕಿಟ್‌ನಲ್ಲಿ ಬಂದ ದೊಡ್ಡ ಅಂಕಿ ಈಗ ಊರಿನಲ್ಲಿ ಹರಡುತ್ತಿರುವ ವೈರಸ್‌ನ ಬಗ್ಗೆ ಹೆಚ್ಚೇನೂ ಹೇಳದು.

ವೈರಸ್ಸನ್ನು ನಿಷ್ಕ್ರಿಯಗೊಳಿಸುವ ಶಕ್ತಿಯನ್ನು ಅಳೆಯುವ ಪರೀಕ್ಷೆಯೇ ಬೇರೆ. ಅದರಲ್ಲಿ ಸೀರಂ (ರಕ್ತದಿಂದ ಬೇರ್ಪಡಿಸಿದ, ಪ್ರತಿಕಾಯಗಳಿರುವ ದ್ರವ) ಅನ್ನು 1:20, 1:40, 1:80 ಎಂದು ಹಂತಹಂತವಾಗಿ ತೆಳುಗೊಳಿಸಿ, ಪ್ರತಿ ಹಂತಕ್ಕೂ ನಿಗದಿತ ಪ್ರಮಾಣದ ವೈರಸ್ ಬೆರೆಸಿ, ಜೀವಕೋಶಗಳ ಪದರದ ಮೇಲೆ ಹಾಕುತ್ತಾರೆ. ಸೋಂಕನ್ನು ಅರ್ಧಕ್ಕೆ ಇಳಿಸಬಲ್ಲ ಅತ್ಯಂತ ತೆಳುವಾದ ಹಂತವೇ ಟೈಟರ್; ಆ ಹಂತ 1:80 ಆದರೆ ಟೈಟರ್ 80. ಜೀವಂತ ವೈರಸ್ ಬಳಸಲು ಮೂರನೇ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಬೇಕಾಗುವುದರಿಂದ, ಸ್ಪೈಕ್ ಮಾತ್ರ ಹೊತ್ತ ನಿರಪಾಯಕಾರಿ ಹುಸಿ ವೈರಸ್ಸನ್ನೂ ಬಳಸುವುದುಂಟು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಫಲಿತಾಂಶ ಬದಲಾಗುತ್ತಿದ್ದುದರಿಂದ ವಿಶ್ವ ಆರೋಗ್ಯ ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಮಾನಕ ಮಾದರಿಯೊಂದನ್ನು ನಿಗದಿಪಡಿಸಿತು. ಅದೂ ಆರಂಭದ ತಳಿಗಳ ಸೋಂಕಿನಿಂದ ಚೇತರಿಸಿಕೊಂಡವರ ಪ್ಲಾಸ್ಮಾದಿಂದಲೇ ತಯಾರಾದದ್ದು ಎಂಬುದನ್ನು ಮರೆಯುವಂತಿಲ್ಲ.

‘ಪಟ್ಟು’ ಎಂಬ ಲೆಕ್ಕವನ್ನೂ ಎಚ್ಚರದಿಂದ ಓದಬೇಕು. ಟೈಟರ್ 40ರಿಂದ 320ಕ್ಕೆ ಏರಿದರೆ ಎಂಟು ಪಟ್ಟು, 640ರಿಂದ 1280ಕ್ಕೆ ಏರಿದರೆ ಎರಡೇ ಪಟ್ಟು. ಆದರೂ ಹೆಚ್ಚು ಟೈಟರ್ ಇರುವುದು ಎರಡನೆಯವರಲ್ಲಿ. ನಮ್ಮಲ್ಲಿ 2022ರ ಜನವರಿ 10ರಂದು ಮುನ್ನೆಚ್ಚರಿಕೆ ಡೋಸ್ ಎಂಬ ಹೆಸರಿನಲ್ಲಿ ಬೂಸ್ಟರ್ ಆರಂಭವಾಗುವ ಹೊತ್ತಿಗೆ ಅನೇಕರಿಗೆ ಲಸಿಕೆಯ ಜೊತೆಗೆ ಸೋಂಕೂ ತಗುಲಿತ್ತಾದ್ದರಿಂದ, ಬೂಸ್ಟರ್‌ಗೆ ಮುಂಚಿನ ಅಳತೆಯಿಲ್ಲದೆ ಏರಿಕೆಯನ್ನು ಬೂಸ್ಟರ್‌ನ ಲೆಕ್ಕಕ್ಕೆ ಹಾಕಲಾಗದು. ಸ್ಪೈಕನ್ನು ಮಾತ್ರ ಆಧರಿಸಿದ ಕೋವಿಶೀಲ್ಡ್ ಪಡೆದವರಲ್ಲಿ, ವೈರಸ್‌ನ ಒಳಗಿನ ನ್ಯೂಕ್ಲಿಯೊಕ್ಯಾಪ್ಸಿಡ್ ಎಂಬ ಪ್ರೋಟೀನಿನ ಎದುರಿನ ಪ್ರತಿಕಾಯ ಕಂಡರೆ ಅದು ಸೋಂಕಿನ ಗುರುತು. ಇಡೀ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ತಯಾರಿಸಿದ ಕೋವ್ಯಾಕ್ಸಿನ್‌ನಲ್ಲಿ ಆ ಪ್ರೋಟೀನೂ ಇರುವುದರಿಂದ ಅದನ್ನು ಪಡೆದವರಲ್ಲಿ ಈ ಗುರುತು ನೆಚ್ಚುವಂತಹದಲ್ಲ.

ಇನ್ನೂ ಮುಖ್ಯವಾದದ್ದು, ಮೊದಲು ಕಂಡ ತಳಿಯ ನೆನಪನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಸುಲಭವಾಗಿ ಬಿಡುವುದಿಲ್ಲ. ಮೂಲ ತಳಿಯನ್ನೂ ಓಮೈಕ್ರಾನನ್ನೂ ಸೇರಿಸಿದ ಬೂಸ್ಟರ್ ಅಮೆರಿಕದಲ್ಲಿ 2022ರ ಆಗಸ್ಟ್ ಕೊನೆಯಲ್ಲಿ ಅನುಮತಿ ಪಡೆದ ಬಳಿಕ ನಡೆದ ಆರಂಭಿಕ ಸಣ್ಣ ಅಧ್ಯಯನಗಳಲ್ಲಿ, ಓಮೈಕ್ರಾನ್‌ನ ಉಪತಳಿಯಾದ ಬಿಎ.5 ಎದುರಿನ ಟೈಟರ್ ಹಳೆಯ ಬೂಸ್ಟರ್‌ಗಿಂತ ಗಮನಾರ್ಹವಾಗಿ ಹೆಚ್ಚಿರಲಿಲ್ಲ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಲಹಾ ಗುಂಪು ಮೂಲ ತಳಿಯನ್ನು ಹೊಸ ಲಸಿಕೆಗಳಿಂದ ಕೈಬಿಡುವಂತೆ ಸೂಚಿಸಿತು. ಒಂದೊಂದು ತಳಿಯ ಎದುರೂ ಬೇರೆಬೇರೆಯಾಗಿ ಅಳೆದದ್ದರಿಂದಲೇ ಇಂಥ ನಿರ್ಧಾರ ಸಾಧ್ಯವಾಯಿತು. ಸೋಂಕು ತಗುಲಿದ ಜೀವಕೋಶಗಳನ್ನು ಗುರುತಿಸಿ ನಾಶಪಡಿಸುವಲ್ಲಿ ನೆರವಾಗುವ ಟಿ ಕೋಶಗಳ ಪಾತ್ರವನ್ನು ಯಾವ ಪ್ರತಿಕಾಯ ಪರೀಕ್ಷೆಯೂ ತೋರಿಸದು ಎಂಬುದೂ ನಿಜ.

ಆದ್ದರಿಂದ ಇಂಥ ಸುದ್ದಿಗಳಲ್ಲಿ ತಳಿಯ ಹೆಸರು, ಪರೀಕ್ಷೆಯ ವಿಧಾನ, ಬೂಸ್ಟರ್‌ಗೆ ಮುಂಚಿನ ಟೈಟರ್ ಹಾಗೂ ಎಷ್ಟು ವಾರಗಳ ಬಳಿಕ ಅಳೆದರು ಎಂಬುದನ್ನು ತಪ್ಪದೆ ಪ್ರಕಟಿಸಬೇಕೆಂದು ಕೋರುತ್ತೇನೆ. ವೈರಸ್‌ನ ಜೀನೋಮ್ ಅನುಕ್ರಮಣಿಕೆಗಾಗಿ ರೂಪುಗೊಂಡ ಇನ್ಸಾಕಾಗ್ ಜಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೆ. ಹೊಸ ಉಪತಳಿ ಪತ್ತೆಯಾದಾಗಲೆಲ್ಲ ಹಿರಿಯ ನಾಗರಿಕರಿಂದ ಒಪ್ಪಿಗೆಯೊಂದಿಗೆ ಸಂಗ್ರಹಿಸಿಟ್ಟ ಸೀರಂ ಮಾದರಿಗಳನ್ನು ಅದರ ಎದುರು ಪರೀಕ್ಷಿಸಿ, ವಯೋಮಾನವಾರು ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸುವ ವ್ಯವಸ್ಥೆಯನ್ನು ರಾಜ್ಯ ಆರೋಗ್ಯ ಇಲಾಖೆ ಮಾಡಬೇಕು.

ಇತಿ,
ಸೂಕ್ಷ್ಮಜೀವಿಶಾಸ್ತ್ರದ ನಿವೃತ್ತ ಅಧ್ಯಾಪಕ, ಧಾರವಾಡ